ನಿಶ್ಚಿತಾರ್ಥದ ಜೋಡಿ ಫೋಟೋ ಹೊರಗಡೆ ತೆಗೆಯುವಾಗ: ಮೊದಲು ನೆರಳು ಹುಡುಕಿ

ನಾನು ಮೊದಲ ಸಲ ಜೋಡಿ ಫೋಟೋ ತೆಗೆದಿದ್ದು ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದಲ್ಲಿ. ಮಂಡ್ಯ ಕಡೆಯ ಒಂದು ಛತ್ರ, ಏಪ್ರಿಲ್ ತಿಂಗಳು. ತಾಂಬೂಲ ಬದಲಾಯಿಸಿ, ಉಂಗುರ ತೊಡಿಸಿ, ಹಿರಿಯರ ಕಾಲಿಗೆಲ್ಲ ಬಿದ್ದು ಮುಗಿಯುವ ಹೊತ್ತಿಗೆ ಹನ್ನೆರಡೂವರೆ. ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. "ಊಟಕ್ಕೆ ಮುಂಚೆ ಇಬ್ಬರನ್ನೂ ಹೊರಗೆ ಕರ್ಕೊಂಡು ಹೋಗಿ ನಾಲ್ಕು ಒಳ್ಳೆ ಫೋಟೋ ತೆಗಿಯೋ" ಅಂದರು ಚಿಕ್ಕಮ್ಮ. ಛತ್ರದ ಹಿಂದೆ ಗದ್ದೆ, ತೆಂಗಿನ ಸಾಲು, ನೀಲಿ ಆಕಾಶ. ಇನ್ನೇನು ಬೇಕು ಅಂದುಕೊಂಡು ಬದುವಿನ ಮೇಲೆ ನಿಲ್ಲಿಸಿ ಇನ್ನೂರೆಂಬತ್ತು ಫೋಟೋ ಹೊಡೆದೆ.

ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಇಬ್ಬರ ಕಣ್ಣೂ ಕಪ್ಪು ಗುಂಡಿ. ಮೂಗಿನ ನೆರಳು ತುಟಿಯ ಮೇಲೆ ಬಿದ್ದು ಹುಡುಗಿಗೂ ಮೀಸೆ ಬಂದಿತ್ತು. ಸೀರೆಯ ಜರಿ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಚಿಕ್ಕಮ್ಮ ಒಂದೊಂದೇ ನೋಡಿ ಕೊನೆಗೆ ಕೇಳಿದ್ದು ಇಷ್ಟೇ: "ಯಾಕೋ, ಹುಡುಗಿ ಅತ್ತಿರೋ ಹಾಗೆ ಕಾಣ್ತಾಳಲ್ಲೋ?"

ತಪ್ಪು ಲೆನ್ಸಿನದು ಅಂದುಕೊಂಡು 50 ಎಂಎಂ ಕೊಂಡೆ. ಮುಂದಿನ ಸಲವೂ ಅದೇ ಕಣ್ಣು, ಅದೇ ಮೀಸೆ. ಹಿಂದೆ ಮಾತ್ರ ಚೆನ್ನಾಗಿ ಬ್ಲರ್ ಆಗಿತ್ತು! ನಾನು ಎರಡು ಸಲವೂ ನೋಡಿದ್ದು ಜಾಗವನ್ನು. ಮುಖದ ಮೇಲೆ ಬೆಳಕು ಹೇಗೆ ಬಿದ್ದಿದೆ ಅಂತ ನೋಡಿರಲೇ ಇಲ್ಲ. ಹೊಸದಾಗಿ ಕ್ಯಾಮೆರಾ ಹಿಡಿದವರು ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಇನ್ನರ್ಧ ಆ ಇಬ್ಬರ ಸಂಕೋಚ ಬಿಡಿಸುವುದು. ಅದಕ್ಕೂ ಬರೋಣ.

ಗಂಟೆ ನೀವೇ ಹೇಳಿ

ಸಾಧ್ಯವಾದರೆ ಜೋಡಿ ಫೋಟೋವನ್ನು ಶಾಸ್ತ್ರದ ನಡುವೆ ಸಿಗುವ ಹತ್ತು ನಿಮಿಷಕ್ಕೆ ಬಿಡಬೇಡಿ. ಅದೇ ದಿನ ಸಂಜೆಗೋ, ಇನ್ನೊಂದು ದಿನಕ್ಕೋ ಗೊತ್ತು ಮಾಡಿಕೊಳ್ಳಿ.

ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿ ಕಲಿತವರಿಗೆ "ಗೋಲ್ಡನ್ ಅವರ್" ಗೊತ್ತಿರುತ್ತದೆ. ಸಂಜೆ ಒಂದು ಗಂಟೆ ಹೊತ್ತು ಹೊನ್ನಿನ ಬೆಳಕು ಸಿಗುತ್ತದೆ ಅನ್ನುತ್ತಾರೆ. ಆ ವಿಡಿಯೋ ಮಾಡಿದವರಲ್ಲಿ ತುಂಬಾ ಜನ ಯುರೋಪು, ಅಮೆರಿಕದವರು. ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತಾ ನಿಧಾನಕ್ಕೆ ಮುಳುಗುತ್ತಾನೆ. ನಮ್ಮದು ಸಮಭಾಜಕಕ್ಕೆ ಹತ್ತಿರದ ನಾಡು, ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಕೊನೆಯ 6 ಡಿಗ್ರಿ ಇಳಿಯಲು ಸುಮಾರು 25 ನಿಮಿಷ ಸಾಕು. ಅಂದರೆ ನಿಜವಾಗಿ ಚಿನ್ನದಂಥ ಬೆಳಕು ಸಿಗುವುದು ಅರ್ಧ ಗಂಟೆ, ಅಷ್ಟೇ. ಹುಡುಗಿ ಸೀರೆ ಬದಲಾಯಿಸಲು ಹೋಗಿ ಬರುವಷ್ಟರಲ್ಲಿ ಮುಗಿದಿರುತ್ತದೆ.

ಹಾಗಾಗಿ ಸೂರ್ಯ ಮುಳುಗಲು ಒಂದೂವರೆ ಗಂಟೆ ಇರುವಾಗಲೇ ಜಾಗದಲ್ಲಿರಿ. ಬೆಂಗಳೂರು, ಮೈಸೂರು ಕಡೆ ನವೆಂಬರಿನಲ್ಲಿ ಸೂರ್ಯ 5.50ರ ಸುಮಾರಿಗೇ ಮುಳುಗುತ್ತಾನೆ, ಜುಲೈನಲ್ಲಿ 6.50ರ ಹತ್ತಿರ. ಒಂದು ಗಂಟೆ ವ್ಯತ್ಯಾಸ. "ಸಂಜೆ ಐದಕ್ಕೆ ಬನ್ನಿ" ಅಂತ ವರ್ಷವಿಡೀ ಒಂದೇ ಮಾತು ಹೇಳಿದರೆ ನವೆಂಬರಿನಲ್ಲಿ ಕೆಟ್ಟಿರಿ. ಮೊದಲ ಮುಕ್ಕಾಲು ಗಂಟೆ ನೆರಳಿನಲ್ಲಿ ಕೆಲಸ ಮಾಡಿ. ಅಷ್ಟು ಹೊತ್ತಿಗೆ ಅವರಿಗೂ ಕ್ಯಾಮೆರಾ ರೂಢಿಯಾಗಿರುತ್ತದೆ. ಕೊನೆಯ ಅರ್ಧ ಗಂಟೆ ಬಯಲಿಗೆ ಬನ್ನಿ. ಸೂರ್ಯ ಮುಳುಗಿದ ಮೇಲೂ ಹತ್ತು ನಿಮಿಷ ಇರಿ. ಆಗ ಆಕಾಶವೇ ದೊಡ್ಡ ದೀಪ, ಮುಖದ ಮೇಲೆ ಒಂದು ಗೆರೆ ನೆರಳೂ ಇರುವುದಿಲ್ಲ. ಎಲ್ಲರೂ ಚೀಲ ಕಟ್ಟಿ ಹೊರಟಿರುವ ಹೊತ್ತು ಅದು.

ಬೆಳಿಗ್ಗೆ ಇನ್ನೂ ಒಳ್ಳೆಯದು. ಆದರೆ ಐದು ಗಂಟೆಗೆ ಸೀರೆ ಉಟ್ಟು ಜಡೆ ಹಾಕಿಸಿಕೊಂಡು ಬನ್ನಿ ಅಂದರೆ ಯಾವ ಮನೆಯಲ್ಲೂ ಒಪ್ಪುವುದಿಲ್ಲ.

ಇನ್ನೊಂದು ಮಾತು. ಆಷಾಢದಲ್ಲಿ ನಮಗೆ ಬುಕಿಂಗ್ ಇರುವುದಿಲ್ಲ, ಆದರೆ ಮೋಡ ಮುಚ್ಚಿದ ಆಕಾಶ ಇಡೀ ದಿನ ಮೆತ್ತನೆ ಬೆಳಕು ಕೊಡುತ್ತದೆ. ಅಣ್ಣ ಅತ್ತಿಗೆಯನ್ನೋ, ಗೆಳೆಯ ಗೆಳತಿಯರನ್ನೋ ಎಳೆದುಕೊಂಡು ಹೋಗಿ ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ.

ನಡು ಮಧ್ಯಾಹ್ನವೇ ಸಿಕ್ಕರೆ

ಸಿಗುತ್ತದೆ. ನಮ್ಮ ಮನೆಗಳಲ್ಲಿ ಫೋಟೋಗ್ರಾಫರ್ ಮಾತಿಗಿಂತ ಮುಹೂರ್ತದ ಮಾತು ದೊಡ್ಡದು. ಏಪ್ರಿಲ್ ಕೊನೆಯಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆಟ್ಟ ಕಂಬಕ್ಕೂ ನೆರಳಿಲ್ಲದ ದಿನ ಬರುತ್ತದೆ, ಆಗಸ್ಟಿನಲ್ಲಿ ಇನ್ನೊಮ್ಮೆ. ಕಂಬದ ನೆರಳು ಬುಡದಲ್ಲೇ ಅಡಗಿದರೆ ಹುಬ್ಬಿನ ನೆರಳು ಹೋಗುವುದೆಲ್ಲಿಗೆ? ಕಣ್ಣಿಗೇ.

ಆಗ ಮಾಡಬೇಕಾದ್ದು ಒಂದೇ, ಸೂರು ಹುಡುಕಿ. ಛತ್ರದ ಪೋರ್ಟಿಕೋ, ಹಳೇ ಮನೆಯ ಜಗಲಿ, ತೊಟ್ಟಿ ಮನೆಯ ಪಡಸಾಲೆ, ಶಾಲೆಯ ಕಾರಿಡಾರ್ ಯಾವುದಾದರೂ ಆಗುತ್ತದೆ. ಜೋಡಿಯನ್ನು ಸೂರಿನ ಅಂಚಿನಿಂದ ಎರಡು ಹೆಜ್ಜೆ ಒಳಗೆ ನಿಲ್ಲಿಸಿ, ಮುಖ ಹೊರಗಡೆಗೆ ಇರಲಿ. ನೀವು ಬಿಸಿಲಿನಲ್ಲಿ ನಿಂತು ತೆಗೆಯಿರಿ. ನಿಮಗೆ ಬೆವರುತ್ತದೆ, ಅವರ ಮುಖ ಹೊಳೆಯುತ್ತದೆ. ಹಿಂದೆ ಜಗಲಿಯ ಒಳಗಿನ ಕತ್ತಲು ಇರುವುದರಿಂದ ಬ್ಯಾಕ್‌ಗ್ರೌಂಡ್ ತಾನಾಗೇ ಶಾಂತವಾಗಿರುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆ ಇದ್ದರಂತೂ ಅದೃಷ್ಟ. ಬಿಸಿಲು ಅದಕ್ಕೆ ಬಡಿದು ಮೆತ್ತಗೆ ವಾಪಸ್ ಬರುತ್ತದೆ.

ಮರದ ನೆರಳನ್ನು ಮಾತ್ರ ಸುಲಭಕ್ಕೆ ನಂಬಬೇಡಿ. ಹೊಂಗೆ, ಮಾವಿನಂಥ ದಟ್ಟ ಮರ ಆಗುತ್ತದೆ. ತೆಂಗು, ಅಡಿಕೆ, ಗುಲ್‌ಮೊಹರ್ ಕೆಳಗೆ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಬೀಳುತ್ತವೆ. ಕಣ್ಣಿಗೆ ಚೆಂದ, ಫೋಟೋದಲ್ಲಿ ಕೆನ್ನೆಯ ಮೇಲೆ ತೊನ್ನಿನ ಹಾಗೆ ಕಾಣುತ್ತವೆ. ಎಡಿಟಿಂಗ್‌ನಲ್ಲಿ ತೆಗೆಯುತ್ತೇನೆ ಅಂದುಕೊಂಡಿದ್ದೀರಾ? ಒಂದು ಫೋಟೋಗೆ ಅರ್ಧ ಗಂಟೆ ಬೇಕು.

ಜಾಗ ಸರಿಯಿದೆಯೇ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಜೋಡಿ ಬರುವ ಮೊದಲು ನಿಮ್ಮ ಮುಷ್ಟಿಯನ್ನು ಅವರ ಮುಖ ಬರುವ ಎತ್ತರಕ್ಕೆ ಹಿಡಿಯಿರಿ. ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಬೆರಳುಗಳ ಗೆಣ್ಣಿನ ಕೆಳಗಿನ ನೆರಳು ನೋಡುತ್ತಾ ಇರಿ. ಒಂದು ಕಡೆ ನೆರಳು ಗಾಢ, ಇನ್ನೊಂದು ಕಡೆ ತಿರುಗಿದಾಗ ಹಗುರ. ಹಗುರ ಇರುವ ದಿಕ್ಕಿಗೇ ಅವರ ಮುಖ ತಿರುಗಿಸಿ. ನೋಡಿದವರು ಇವನಿಗೇನಾಯ್ತು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಕಾಲ ಕೆಳಗೂ ನೋಡಿ. ಹಸಿರು ಹುಲ್ಲು, ಗದ್ದೆ, ತೋಟದ ನಡುವೆ ನಿಂತರೆ ಗಲ್ಲದ ಕೆಳಗೆ ಹಸಿರು ಬಣ್ಣ ಬಡಿಯುತ್ತದೆ. ಚರ್ಮ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ಕೆಮ್ಮಣ್ಣಿನ ದಾರಿ ಬೆಚ್ಚನೆ ಬಣ್ಣ ಕೊಡುತ್ತದೆ. ಬೂದು ಕಲ್ಲಿನ ಹಾಸು, ಸಿಮೆಂಟು ಅಂಗಳ ಎಲ್ಲಕ್ಕಿಂತ ಒಳ್ಳೆಯದು, ಯಾವ ಬಣ್ಣವನ್ನೂ ಸೇರಿಸದೆ ಬೆಳಕನ್ನು ಮೇಲಕ್ಕೆ ಕಳಿಸುತ್ತದೆ. ಬೆಳಕನ್ನು ಮುಖಕ್ಕೆ ವಾಪಸ್ ಎಸೆಯುವ ರಿಫ್ಲೆಕ್ಟರ್ ಇಲ್ಲದಿದ್ದರೆ ಡೆಕೋರೇಶನ್‌ನವರ ಹತ್ತಿರ ಉಳಿದ ಥರ್ಮಾಕೋಲ್ ಶೀಟ್ ಕೇಳಿ. ಹುಡುಗನ ತಮ್ಮನ ಕೈಗೆ ಕೊಟ್ಟು ಎದೆ ಮಟ್ಟದಲ್ಲಿ ಹಿಡಿಸಿ. ಅವನಿಗೂ ಒಂದು ಕೆಲಸ ಕೊಟ್ಟ ಹಾಗಾಯಿತು, ಇಲ್ಲದಿದ್ದರೆ ಅವನು ನಿಮ್ಮ ಭುಜದ ಪಕ್ಕ ನಿಂತು ಮೊಬೈಲಿನಲ್ಲಿ ತೆಗೆಯುತ್ತಿರುತ್ತಾನೆ, ಜೋಡಿ ಅವನ ಕಡೆ ನೋಡುತ್ತಿರುತ್ತದೆ.

ಕ್ಯಾಮೆರಾ

ಇದನ್ನು ಬೇಗ ಮುಗಿಸೋಣ. ರಾ ಫೈಲ್ (ಆಮೇಲೆ ಬೆಳಕು, ಬಣ್ಣ ತಿದ್ದಲು ಅನುಕೂಲವಾಗುವ ಮೂಲ ಫೈಲ್) ಆನ್ ಮಾಡಿ. ಶಟರ್ ಸ್ಪೀಡ್ (ಬೆಳಕು ಒಳಗೆ ಬಿಡುವ ಹೊತ್ತು) ನಿಂತ ಜೋಡಿಗೆ 1/250 ಸೆಕೆಂಡ್, ನಡೆಯುವ ಜೋಡಿಗೆ 1/500, ಸೆರಗು ಹಾರಿಸುವುದು, ತಿರುಗುವುದು ಇದ್ದರೆ 1/1000. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವುದು) ಆಟೋಗೆ ಬಿಡಿ. ಬೆಳಕಿನ ಬಣ್ಣಕ್ಕೆ ತಕ್ಕ ಹಾಗೆ ಫೋಟೋದ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬೇಡ, ನೆರಳಿಗೆ ಶೇಡ್, ಸಂಜೆ ಬಿಸಿಲಿಗೆ ಡೇಲೈಟ್ ಇಟ್ಟರೆ ಎಲ್ಲಾ ಫೋಟೋ ಒಂದೇ ಬಣ್ಣದಲ್ಲಿ ಬರುತ್ತವೆ.

ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಎಫ್ ಅಂಕಿ ಕಡಿಮೆಯಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ 1.8 ಕೊಂಡವರೆಲ್ಲ ಅದನ್ನು 1.8ರಲ್ಲೇ ಬಿಟ್ಟಿರುತ್ತಾರೆ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾದಲ್ಲಿ 2 ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಶಾರ್ಪ್ ಆಗಿ ಸಿಗುವ ಆಳ ಸುಮಾರು 11-12 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಹುಡುಗಿ ಅರ್ಧ ಹೆಜ್ಜೆ ಮುಂದಿದ್ದರೆ ಹುಡುಗ ಮಸುಕು. ಅಷ್ಟು ಹತ್ತಿರದಿಂದ ಇಬ್ಬರನ್ನು ತೆಗೆಯುವಾಗ ಎಫ್/4ಕ್ಕೆ ಹೋಗಿ, ಆಳ ದುಪ್ಪಟ್ಟಾಗುತ್ತದೆ. ಇಬ್ಬರ ಮುಖವೂ ನಿಮ್ಮಿಂದ ಒಂದೇ ದೂರದಲ್ಲಿ ಇರುವ ಹಾಗೆ ನಿಲ್ಲಿಸಿ. ಅದೇ ತಲೆಯಿಂದ ಕಾಲಿನವರೆಗೆ ಪೂರ್ತಿ ಬರಲಿ ಅಂತ 4 ಮೀಟರ್ ಹಿಂದೆ ಹೋದರೆ ಎಫ್/2ರಲ್ಲೂ ಅರ್ಧ ಮೀಟರ್ ಆಳ ಸಿಗುತ್ತದೆ. ಅಲ್ಲಿ ಧೈರ್ಯವಾಗಿ ತೆರೆಯಬಹುದು.

ಕ್ಯಾಮೆರಾ ಜೊತೆಗೇ ಬರುವ 18-55ರ ಕಿಟ್ ಲೆನ್ಸ್ ಮಾತ್ರ ಇದೆಯಾ? ಬೇಸರ ಬೇಡ. 55ಕ್ಕೆ ಜೂಮ್ ಮಾಡಿ, ಜೋಡಿಯನ್ನು ಹಿಂದಿನ ಗಿಡಗಳಿಂದ ಹತ್ತು ಹದಿನೈದು ಮೀಟರ್ ಮುಂದೆ ತನ್ನಿ. ಬ್ಲರ್ ಸಾಕಷ್ಟು ಬರುತ್ತದೆ. 18ರಲ್ಲಿ ಹತ್ತಿರದಿಂದ ಮುಖ ತೆಗೆಯಬೇಡಿ, ಮೂಗು ದಪ್ಪ ಆಗುತ್ತದೆ. ಉಂಗುರದ ಫೋಟೋಗೆ ಕಿಟ್ ಲೆನ್ಸೇ ವಾಸಿ. ಸಾಮಾನ್ಯವಾಗಿ ಅದು 25 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತದೆ, 50 ಎಂಎಂಗಳು ಅಷ್ಟು ಹತ್ತಿರ ಹೋಗುವುದಿಲ್ಲ.

ಎಕ್ಸ್‌ಪೋಷರ್‌ನಲ್ಲಿ ನಮ್ಮ ಬಟ್ಟೆಗಳದೇ ಒಂದು ಕಿತಾಪತಿ. ಹುಡುಗ ಬಿಳಿ ಶರ್ಟು, ಬಿಳಿ ಪಂಚೆ ಉಟ್ಟು ಫ್ರೇಮಿನ ಅರ್ಧ ತುಂಬಿದರೆ ಕ್ಯಾಮೆರಾ ಬೆಳಕು ಜಾಸ್ತಿ ಆಯ್ತು ಅಂದುಕೊಂಡು ಫೋಟೋ ಮಂಕು ಮಾಡುತ್ತದೆ. ಆಗ ಕಾಂಪೆನ್ಸೇಶನ್ (ಬೆಳಕನ್ನು ಏರಿಸುವ, ಇಳಿಸುವ ಸೆಟ್ಟಿಂಗ್) +0.7. ಕಡು ಹಸಿರೋ ನೇರಳೆಯೋ ರೇಷ್ಮೆ ಇದ್ದರೆ ಉಲ್ಟಾ, ಅದು ಬೆಳಕು ಏರಿಸಿ ಜರಿಯನ್ನು ಸುಟ್ಟುಬಿಡುತ್ತದೆ. -0.3ರಿಂದ -0.7. ಸೂರ್ಯ ಅವರ ಬೆನ್ನ ಹಿಂದಿದ್ದರೆ +1ರ ಹತ್ತಿರ. ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಹೈಲೈಟ್ ವಾರ್ನಿಂಗ್ ಆನ್ ಮಾಡಿಟ್ಟರೆ ಸ್ಕ್ರೀನಿನಲ್ಲಿ ಸುಟ್ಟ ಭಾಗ ಮಿನುಗುತ್ತದೆ. ಆಕಾಶ ಮಿನುಗಿದರೆ ಬಿಡಿ, ಹಣೆ ಮಿನುಗಿದರೆ ಇಳಿಸಿ.

ಇಬ್ಬರ ಸಂಕೋಚ

ಈಗ ಕಷ್ಟದ ಕೆಲಸ. ನಮ್ಮಲ್ಲಿ ಎಷ್ಟೋ ಜೋಡಿಗಳು ನಿಶ್ಚಿತಾರ್ಥದ ದಿನಕ್ಕೆ ಒಬ್ಬರನ್ನೊಬ್ಬರು ನೋಡಿರುವುದು ಮೂರೋ ನಾಲ್ಕೋ ಸಲ. ಫೋನಿನಲ್ಲಿ ರಾತ್ರಿಯಿಡೀ ಮಾತಾಡಿರಬಹುದು, ಆದರೆ ಅಪ್ಪ ಅಮ್ಮ, ದೊಡ್ಡಪ್ಪ, ಸೋದರತ್ತೆ ಎಲ್ಲ ನಿಂತು ನೋಡುತ್ತಿರುವಾಗ ಕೈ ಹಿಡಿ ಅಂದರೆ ಮರಗಟ್ಟಿ ಹೋಗುತ್ತಾರೆ. ಅಂಥವರನ್ನು "ಸೊಂಟ ಹಿಡ್ಕೊಳ್ಳಿ ಸರ್, ಹಣೆಗೆ ಹಣೆ ತಾಗಿಸಿ" ಅಂದರೆ ಏನು ಬರುತ್ತದೆ? ಭಯ ಬರುತ್ತದೆ. ಅದೇ ಫೋಟೋದಲ್ಲಿ ಕಾಣುತ್ತದೆ.

ಮೊದಲು ಜನ ಕಡಿಮೆ ಮಾಡಿ. ಜೊತೆಗೆ ಒಬ್ಬರು ಸಾಕು, ಹುಡುಗಿಯ ಅಕ್ಕನೋ ಅತ್ತಿಗೆಯೋ. ಸೇಫ್ಟಿ ಪಿನ್, ಬಾಚಣಿಗೆ, ಬೆವರು ಒರೆಸಲು ಟಿಶ್ಯೂ ಅವರ ಹತ್ತಿರ ಇರಲಿ. ಉಳಿದವರಿಗೆ "ಊಟ ಮಾಡಿ ಬನ್ನಿ, ಆಮೇಲೆ ಗ್ರೂಪ್ ಫೋಟೋ ತೆಗೀತೀನಿ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಎಲ್ಲಿಯವರೆಗೆ ಸಲುಗೆ ಸರಿ ಅಂತ ಹುಡುಗಿಯನ್ನೇ ಮೊದಲು ಕೇಳಿ, ಒಬ್ಬರೇ ಇರುವಾಗ. "ಮೇಡಂ, ಹೆಗಲ ಮೇಲೆ ಕೈ ಹಾಕಿದ್ರೆ ಪರವಾಗಿಲ್ವಾ?" ಅಂತ ನೇರವಾಗಿ. ಬೇಡ ಅಂದರೆ ಬೇಡ. ಒಂದಡಿ ದೂರ ನಿಂತು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುವ ಫೋಟೋ ಅಪ್ಪಿಕೊಂಡ ಫೋಟೋಗಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ.

ಆಮೇಲೆ ಪೋಸ್ ಹೇಳಬೇಡಿ, ಕೆಲಸ ಕೊಡಿ. "ನಗಿ" ಅಂದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ನಾನು ಮಾಡುವುದು ಹೀಗೆ. ಹುಡುಗನಿಗೆ ಹೇಳುತ್ತೇನೆ: "ಸರ್, ಅವರ ಎಡಗೈಯಲ್ಲಿ ಬಳೆ ಎಷ್ಟಿದೆ, ಎಣಿಸಿ." ಅವನು ಕೈ ಹಿಡಿಯಲೇಬೇಕು, ತಲೆ ತಗ್ಗಿಸಲೇಬೇಕು. ಏಳು, ಎಂಟು ಅನ್ನುವಷ್ಟರಲ್ಲಿ ಲೆಕ್ಕ ತಪ್ಪುತ್ತದೆ. "ಹತ್ತು ಕಣ್ರೀ, ಅದೂ ಬರಲ್ವಾ" ಅಂತ ಅವಳು ಮುಖ ಎತ್ತುತ್ತಾಳೆ. ಆ ಒಂದು ಕ್ಷಣ ಇಬ್ಬರಿಗೂ ನೀವು ಇರುವುದೇ ಮರೆತಿರುತ್ತದೆ. ಕಂಟಿನ್ಯುವಸ್ ಮೋಡಿನಲ್ಲಿ ಬೆರಳು ಒತ್ತಿ ಹಿಡಿಯಿರಿ.

ಇನ್ನೊಂದು ಪ್ರಶ್ನೆ ಯಾವತ್ತೂ ಕೈಕೊಟ್ಟಿಲ್ಲ: "ಹುಡುಗಿ ನೋಡೋಕೆ ಹೋದ ದಿನ ಉಪ್ಪಿಟ್ಟು ಹೇಗಿತ್ತು ಸರ್? ನಿಜ ಹೇಳಿ." ಅವನು ಹೇಳುವ ಮೊದಲೇ ಅವಳು ನಗುತ್ತಾಳೆ. ಪ್ರೀತಿಸಿ ಮದುವೆಯಾಗುವ ಜೋಡಿಗೆ ಈ ಪ್ರಶ್ನೆ ನಡೆಯುವುದಿಲ್ಲ, ಅವರಿಗೆ ಮನೆಯಲ್ಲಿ ಮೊದಲು ಯಾರು ಬಾಯಿಬಿಟ್ಟಿದ್ದು ಅಂತ ಕೇಳಿ.

ನಡೆಸುವುದೂ ಒಳ್ಳೆಯದು. ಇಪ್ಪತ್ತು ಹೆಜ್ಜೆ ದೂರದಿಂದ ನಿಮ್ಮ ಕಡೆಗೆ ನಿಧಾನಕ್ಕೆ ನಡೆದು ಬರಲಿ, ಕ್ಯಾಮೆರಾ ನೋಡದೆ, ಮಾತಾಡುತ್ತಾ. ಮೊದಲ ಸಲ ಮಿಲಿಟರಿ ಪೆರೇಡ್ ಆಗಿರುತ್ತದೆ. ಮೂರನೇ ಸಲಕ್ಕೆ ಸರಿ ಹೋಗುತ್ತದೆ.

ಕೈಗಳ ಮೇಲೆ ಕಣ್ಣಿಡಿ. ಖಾಲಿ ಬಿಟ್ಟ ಕೈ ಕೋಲಿನ ಹಾಗೆ ತೂಗುತ್ತಿರುತ್ತದೆ. ಹುಡುಗನ ಕೈಗೆ ಪಂಚೆಯ ಅಂಚು ಅಥವಾ ಶಲ್ಯ, ಹುಡುಗಿಯ ಕೈಗೆ ಸೆರಗು ಅಥವಾ ಜಡೆಯ ಮಲ್ಲಿಗೆ. ತೋಳು ಮೈಗೆ ಒತ್ತಿಕೊಂಡರೆ ದಪ್ಪ ಕಾಣುತ್ತದೆ, ನಡುವೆ ನಾಲ್ಕು ಬೆರಳು ಜಾಗ ಇರಲಿ. ಮೈಭಾರ ಹಿಂದಿನ ಕಾಲಿನ ಮೇಲಿರಲಿ. ಎತ್ತರದಲ್ಲಿ ತುಂಬಾ ವ್ಯತ್ಯಾಸ ಇದ್ದರೆ ಒಬ್ಬರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಅಥವಾ ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ. ಪ್ರತಿ ಸಲ ಶಟರ್ ಒತ್ತುವ ಮೊದಲು ಸೆರಗಿನ ನೆರಿಗೆ, ತಿರುಗಿಕೊಂಡ ಜುಮುಕಿ, ಹುಡುಗನ ಜೇಬಿನಲ್ಲಿ ಉಬ್ಬಿದ ಮೊಬೈಲು ಮೂರನ್ನೂ ನೋಡಿ. ಆ ಮೊಬೈಲನ್ನು ನಾನು ಎಷ್ಟು ಫೋಟೋದಲ್ಲಿ ಉಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಜಾಗ, ನೀರು, ಅನುಮತಿ

ಜಾಗವನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ. ಒಳ್ಳೆ ಬೆಳಕಿದ್ದರೆ ಹಾಲಿನ ಡೈರಿಯ ಗೋಡೆಯೂ ಸಾಕು. ನೋಡಬೇಕಾದ್ದು ತಲೆಯ ಹಿಂದೆ ಏನಿದೆ ಅಂತ. ತಲೆಯ ಮೇಲೆ ತೆಂಗಿನ ಮರ ಬೆಳೆದಿರಬಾರದು, ಕೆರೆ ಏರಿಯ ಗೆರೆ ಕತ್ತನ್ನು ಕೊಯ್ಯಬಾರದು, ಕರೆಂಟ್ ಕಂಬದ ತಂತಿ ಕಿವಿಯಿಂದ ಹೊರಡಬಾರದು. ನೀವೇ ಮಂಡಿಯೂರಿ ಅಥವಾ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಇವೆಲ್ಲ ಮಾಯ.

ಮೇಲುಕೋಟೆ, ಶ್ರೀರಂಗಪಟ್ಟಣ, ಹಂಪಿಯಂಥ ಕಡೆ ಹೋಗುವುದಾದರೆ ಮೊದಲೇ ವಿಚಾರಿಸಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್, ಲೈಟು ಇಟ್ಟು ತೆಗೆಯಲು ಮುಂಚಿತವಾಗಿ ಅನುಮತಿ ಬೇಕು. ಗೇಟಿನಲ್ಲಿ ವಾದ ಮಾಡುತ್ತಾ ನಿಂತರೆ ಆ ಅರ್ಧ ಗಂಟೆಯ ಬೆಳಕು ಹೋಗುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಹಟ ಮಾಡಿ, ಬೇಡ ಅನ್ನಿ. 2020ರ ನವೆಂಬರಿನಲ್ಲಿ ತಲಕಾಡಿನ ಹತ್ತಿರದ ಮುಡುಕುತೊರೆಯಲ್ಲಿ ಪ್ರೀ-ವೆಡ್ಡಿಂಗ್ ಫೋಟೋಗಾಗಿ ತೆಪ್ಪ ಹತ್ತಿದ ಜೋಡಿ ಕಾವೇರಿಯಲ್ಲಿ ಮುಳುಗಿ ತೀರಿಕೊಂಡರು. ಮದುವೆಗೆ ಕೆಲವೇ ದಿನ ಇತ್ತು. ಸೀರೆ ಒದ್ದೆಯಾದರೆ ಎಷ್ಟು ಭಾರ ಅಂತ ಉಟ್ಟವರಿಗೆ ಗೊತ್ತು. ತೆಪ್ಪ, ಬಂಡೆ ತುದಿ, ಚೆಕ್‌ಡ್ಯಾಂ ಯಾವುದನ್ನೂ ನೀವಾಗಿ ಸೂಚಿಸಬೇಡಿ, ಅವರು ಕೇಳಿದರೂ ಒಪ್ಪಬೇಡಿ. ದಡದಲ್ಲಿ ನಿಂತರೂ ಹಿಂದೆ ನೀರು ಕಾಣುತ್ತದೆ.

ಮನೆಗೆ ಬಂದ ಮೇಲೆ

ಮಲಗುವ ಮೊದಲು ಕಾರ್ಡನ್ನು ಎರಡು ಕಡೆ ಕಾಪಿ ಮಾಡಿ. ಎಡಿಟಿಂಗನ್ನು ಮಾರನೇ ದಿನಕ್ಕೆ ಇಡಿ. ನಾನೂರು ತೆಗೆದಿದ್ದರೆ ನಲವತ್ತು ಕೊಡಿ. ಒಂದೇ ನಗುವಿನ ಹನ್ನೆರಡು ಫೋಟೋ ಕೊಟ್ಟರೆ ಆರಿಸುವ ತಲೆನೋವು ಅವರದಾಗುತ್ತದೆ.

ಬಣ್ಣ ತಿದ್ದುವಾಗ ಒಂದು ಒತ್ತಾಯ ಬರುತ್ತದೆ: "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿ." ನಾನು ಮಾಡುವುದಿಲ್ಲ. ಮುಖದ ಮೇಲಿನ ಬೆಳಕನ್ನು ಸ್ವಲ್ಪ ಏರಿಸುತ್ತೇನೆ, ಬಣ್ಣ ಅವಳದೇ ಇರುತ್ತದೆ. ಮುಖಕ್ಕೂ ಕೈಗೂ ಬೇರೆ ಬೇರೆ ಬಣ್ಣ ಬಂದ ಮದುವೆ ಆಲ್ಬಂಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ತಿದ್ದಲೇಬೇಕಾದ್ದು ಕೆಂಪು. ಕುಂಕುಮದ ಬಣ್ಣದ ರೇಷ್ಮೆ ಕ್ಯಾಮೆರಾದಲ್ಲಿ ಅತಿಯಾಗಿ ಉರಿಯುತ್ತದೆ, ನೆರಿಗೆಯೇ ಕಾಣುವುದಿಲ್ಲ. ಕೆಂಪಿನ ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸಿದರೆ ಬಟ್ಟೆಯ ಎಳೆ ವಾಪಸ್ ಬರುತ್ತದೆ.

ಆಲ್ಬಂ ಮಾಡಿಸುವುದಿದ್ದರೆ ತೆಗೆಯುವಾಗಲೇ ನೆನಪಿರಲಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಬಿಚ್ಚಿದರೆ 12×36 ಇಂಚು ಆಗುವ ಆಲ್ಬಂ. ಜೋಡಿಯನ್ನು ಫ್ರೇಮಿನ ನಟ್ಟನಡುವೆ ಇಟ್ಟ ಅಡ್ಡ ಫೋಟೋವನ್ನು ಎರಡು ಪುಟಕ್ಕೆ ಹರಡಿದರೆ ಮಡಿಕೆ ಸರಿಯಾಗಿ ಅವರಿಬ್ಬರ ಮಧ್ಯೆ, ಇಲ್ಲ ಒಬ್ಬರ ಮೂಗಿನ ಮೇಲೆ ಬರುತ್ತದೆ. ಕೆಲವು ಫೋಟೋಗಳಲ್ಲಾದರೂ ಅವರನ್ನು ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ಕಡೆ ಗದ್ದೆಯನ್ನೋ ಆಕಾಶವನ್ನೋ ಖಾಲಿ ಬಿಡಿ.

ಕಳಿಸುವುದನ್ನು ವಾಟ್ಸಾಪ್‌ನಲ್ಲೇ ಕಳಿಸುತ್ತೀರಿ, ಗೊತ್ತು. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ ಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಅಥವಾ ಡ್ರೈವ್ ಲಿಂಕ್ ಕೊಡಿ. ಹುಡುಗನ ಮನೆಗೂ ಹುಡುಗಿಯ ಮನೆಗೂ ಒಂದೇ ಹೊತ್ತಿಗೆ ಕಳಿಸಿ. ಒಂದು ಕಡೆ ಮೊದಲು ಹೋಗಿ ಇನ್ನೊಂದು ಕಡೆಯವರು ಯಾರದೋ ಸ್ಟೇಟಸ್‌ನಲ್ಲಿ ನೋಡಿದರೆ, ಆ ಫೋನ್ ನಿಮಗೇ ಬರುತ್ತದೆ.